ಹಿರಿಯರ ಜೊತೆ ಮ್ಯೂಸಿಯಂಗೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರನ್ನು ಮ್ಯೂಸಿಯಂಗೆ ಕರೆದೊಯ್ಯಬೇಕೆನ್ನುವ ಮಕ್ಕಳು, ಹಿರಿಯ ನಾಗರಿಕರ ಕೂಟ ನಡೆಸುವ ಕನ್ನಡ ಸಂಘಗಳು, ವೃದ್ಧಾಶ್ರಮಗಳಿಗೆ ಹೋಗಿಬರುವ ಸ್ವಯಂಸೇವಕರು ಮತ್ತು ಮ್ಯೂಸಿಯಂ ಸಿಬ್ಬಂದಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳು ಹೆಚ್ಚಾಗಿ ಮುಂಬೈಯವು. ಪುಣೆ, ಗೋವಾದವರ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿದ್ದೇವೆ.

ಭಜನೆ, ಯಕ್ಷಗಾನ, ಸಂಘದ ಕಾರ್ಯಕ್ರಮ ಎಲ್ಲ ಇರುವಾಗ ಹಿರಿಯರಿಗೆ ಮ್ಯೂಸಿಯಂ ಯಾಕೆ?

ಅವೆಲ್ಲ ಬೇಕು. ಆದರೆ ಅಲ್ಲಿ ಹಿರಿಯರು ಬಹುಮಟ್ಟಿಗೆ ಕೂತು ಕೇಳುವವರು. ಮ್ಯೂಸಿಯಂನಲ್ಲಿ ಅವರು ಹೇಳುವವರಾಗಬಹುದು. ಗಾಜಿನ ಹಿಂದಿರುವ ಹಿತ್ತಾಳೆಯ ವಸ್ತುವಿಗೆ ಲೇಬಲ್ಲಿನಲ್ಲಿ 'ಲೋಹದ ಪಾತ್ರೆ' ಎಂದಷ್ಟೇ ಬರೆದಿರುತ್ತದೆ. ಉಡುಪಿ ಕಡೆಯ ಅಜ್ಜಿಗೆ ಅದು ಗಿಂಡಿ. ಅದರ ಮೂತಿಯಿಂದ ನೀರು ಹೇಗೆ ಬಿಡಬೇಕು, ಹುಣಸೆಹಣ್ಣು ಹಚ್ಚಿ ಹೇಗೆ ಬೆಳಗಬೇಕು, ಬಂದವರಿಗೆ ಕಾಲು ತೊಳೆಯಲು ಅದನ್ನು ಎಲ್ಲಿಡಬೇಕು ಎಂಬುದೆಲ್ಲ ಅವರಿಗೆ ಗೊತ್ತು. ಮ್ಯೂಸಿಯಂನ ಕಡತದಲ್ಲಿ ಇದು ಇರುವುದಿಲ್ಲ. ಹಿರಿಯರಿಗೆ ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡು ಶುರುಮಾಡಿದ ಕಾರ್ಯಕ್ರಮ ಬೇಗ ಸೊರಗುತ್ತದೆ. ಅವರಿಂದ ತಿಳಿದುಕೊಳ್ಳುವುದಿದೆ ಎಂದು ಶುರುಮಾಡಿದ್ದು ಉಳಿಯುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಆರೋಗ್ಯಕ್ಕೆ ನಿಜವಾಗಿಯೂ ಒಳ್ಳೆಯದೇ?

ಇಂಗ್ಲೆಂಡಿನಲ್ಲಿ 50 ದಾಟಿದ ಆರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 14 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಕೆಲವು ತಿಂಗಳಿಗೊಮ್ಮೆಯಾದರೂ ಮ್ಯೂಸಿಯಂ, ಕಲಾಪ್ರದರ್ಶನ, ನಾಟಕ, ಸಂಗೀತ ಕಛೇರಿಗಳಿಗೆ ಹೋಗುತ್ತಿದ್ದವರಲ್ಲಿ, ಹೋಗದೇ ಇದ್ದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸಾವಿನ ಅಪಾಯ ಶೇ. 31ರಷ್ಟು ಕಡಿಮೆ ಕಂಡಿತು. ಮ್ಯೂಸಿಯಂಗೆ ಹೋದದ್ದರಿಂದಲೇ ಆಯುಸ್ಸು ಹೆಚ್ಚಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಕೈಕಾಲು ಗಟ್ಟಿ ಇರುವವರೇ ಹೆಚ್ಚು ಓಡಾಡುತ್ತಾರೆ ಎಂಬುದೂ ಅದರಲ್ಲಿ ಸೇರಿದೆ. ಸಂಶೋಧಕರು ಹಣ, ಓದು, ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿಯಿತು, ಅಷ್ಟೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2018ರಿಂದ ವೈದ್ಯರು ಔಷಧದ ಚೀಟಿಯಂತೆ ಮ್ಯೂಸಿಯಂ ಭೇಟಿಯ ಚೀಟಿಯನ್ನೂ ಬರೆದುಕೊಡುವ ವ್ಯವಸ್ಥೆ ಶುರುವಾಯಿತು. ನಮ್ಮಲ್ಲಿ ಯಾವ ವೈದ್ಯರಾದರೂ ಸರಿ, 'ಮನೆಯಲ್ಲೇ ಕೂರಬೇಡಿ' ಎಂದು ಹೇಳಿಯೇ ಹೇಳುತ್ತಾರೆ. ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮ್ಯೂಸಿಯಂ ಒಂದು ಉತ್ತರ.

ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಕನ್ನಡದ ಹಿರಿಯರಿಗೆ ಕೋಟೆ (ಫೋರ್ಟ್) ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವೇ ಮೊದಲು. ಹಳಬರ ಬಾಯಲ್ಲಿ ಇಂದಿಗೂ ಅದು 'ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ'. ಮುಂದೆ 'ಕೋಟೆಯ ಮ್ಯೂಸಿಯಂ' ಎಂದರೆ ಇದೇ. 1905ರಲ್ಲಿ ಅಡಿಗಲ್ಲು ಬಿದ್ದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿ, 1922ರಲ್ಲಿ ಜನರಿಗೆ ತೆರೆದ ಕಟ್ಟಡ. ಅಲ್ಲಿನ ಶಿಲ್ಪ ವಿಭಾಗದಲ್ಲಿ ಐಹೊಳೆಯ ದೇವಾಲಯದ ಚಾವಣಿಯಿಂದ ಬಂದ ಚಾಲುಕ್ಯರ ಕಾಲದ ಶಿಲ್ಪಫಲಕಗಳಿವೆ. 'ಇದು ನಮ್ಮ ಬಾಗಲಕೋಟೆ ಕಡೆಯದು' ಎಂದು ಗೊತ್ತಾದ ಕೂಡಲೇ ಉತ್ತರ ಕರ್ನಾಟಕದವರ ಮಾತಿನ ಓಟವೇ ಬೇರೆಯಾಗುತ್ತದೆ. ನೆಲಮಹಡಿಯಲ್ಲೇ ಇರುವುದರಿಂದ ಮಂಡಿ ನೋವಿನವರಿಗೂ ಅನುಕೂಲ.

ಬೈಕುಲಾದ ರಾಣಿಬಾಗ್ ಪಕ್ಕದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ 1872ರದ್ದು, ನಗರದ ಅತ್ಯಂತ ಹಳೆಯದು. ಹಳೆಯ ಮುಂಬೈಯ ಕಸುಬುದಾರರ ಮಣ್ಣಿನ ಗೊಂಬೆಗಳು, ನಕ್ಷೆಗಳು, ಹಡಗಿನ ಮಾದರಿಗಳು ಇಲ್ಲಿವೆ. ಮಿಲ್ಲುಗಳಲ್ಲಿ ದುಡಿದವರಿಗೆ, ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿಶಾಲೆಯಲ್ಲಿ ಕಲಿತವರಿಗೆ ಈ ಗೊಂಬೆಗಳ ಮುಂದೆ ಹೇಳಲು ಬೇಕಾದಷ್ಟಿರುತ್ತದೆ. ಬುಧವಾರ ರಜೆ ಎಂಬುದನ್ನು ಮರೆಯಬೇಡಿ. ಬಾಗಿಲ ಬಳಿಯಿಂದ ವಾಪಸಾದ ಗುಂಪನ್ನು ಮತ್ತೆ ಹೊರಡಿಸುವುದು ಕಷ್ಟ.

ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ 2004ರಲ್ಲಿ ಕೋಟೆಯಲ್ಲೇ ತೆರೆದದ್ದು. ಜಾಗ ಚಿಕ್ಕದು, ವಸ್ತುಗಳು ಪುಟ್ಟವು, ಕಣ್ಣಿಗೆ ಶ್ರಮ. ಆದರೆ ಎಪ್ಪತ್ತೈದು ದಾಟಿದವರನ್ನು ಮಾತಿಗೆ ಎಳೆಯಲು ನಾಣ್ಯಕ್ಕಿಂತ ಸುಲಭದ ವಸ್ತು ಇಲ್ಲ. 1957ರ ಏಪ್ರಿಲ್‌ನಲ್ಲಿ 'ನಯಾ ಪೈಸೆ' ಬರುವ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಮಗ್ಗಿಯನ್ನು ಬಾಯಿಪಾಠ ಮಾಡಿದವರು ಇನ್ನೂ ಇದ್ದಾರೆ, ಮೊಮ್ಮಕ್ಕಳೆದುರು ಒಪ್ಪಿಸಿಯೇ ತೋರಿಸುತ್ತಾರೆ.

ಗಾಮ್‌ದೇವಿಯ ಮಣಿ ಭವನ (1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ಉಳಿಯುತ್ತಿದ್ದ ಮನೆ) ಎಲ್ಲರಿಗೂ ಇಷ್ಟ, ಆದರೆ ಅದು ಹಳೆಯ ಮನೆ, ಮುಖ್ಯ ಕೋಣೆ ಮೇಲಿದೆ. ಮೆಟ್ಟಿಲು ಹತ್ತಬಲ್ಲವರ ಗುಂಪಿಗೆ ಮಾತ್ರ ಯೋಜಿಸಿ. ನಗರದ ಬಸ್ಸು, ಹಿಂದೆ ಟ್ರಾಮ್ ಕೂಡ ಓಡಿಸಿದ ಬೆಸ್ಟ್ ಸಂಸ್ಥೆಯ ಸಂಗ್ರಹಾಲಯ ಅಣಿಕ್ ಡಿಪೊದಲ್ಲಿದೆ. 1964ರ ಮಾರ್ಚ್ 31ರಂದು ಮುಂಬೈಯ ಕೊನೆಯ ಟ್ರಾಮ್ ಓಡಿತು. ಅದರಲ್ಲಿ ಕೂತವರು ನಿಮ್ಮ ಸಂಘದಲ್ಲೇ ಇರಬಹುದು, ವಿಚಾರಿಸಿ.

ಪುಣೆ ಮತ್ತು ಗೋವಾದಲ್ಲಿ?

ಪುಣೆಯಲ್ಲಿ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯ. ತೀರಿಕೊಂಡ ಮಗನ ನೆನಪಿಗೆ ದಿನಕರ ಕೇಳ್ಕರರು ಜೀವಮಾನವಿಡೀ ಸಂಗ್ರಹಿಸಿದ್ದು ರಾಜಮನೆತನದ ಒಡವೆಗಳಿಗಿಂತ ಹೆಚ್ಚಾಗಿ ಮನೆಬಳಕೆಯ ಸಾಮಾನು: ದೀಪ, ಅಡಕೊತ್ತು, ಕುಂಕುಮದ ಭರಣಿ, ಕಾಲುಜ್ಜುವ ವಜ್ರಿ, ಬಾಚಣಿಗೆ, ಅಡುಗೆಯ ಪಾತ್ರೆ. ಹಿರಿಯರ ಜೊತೆ ಮಾತಿಗೆ ಇದಕ್ಕಿಂತ ಒಳ್ಳೆಯ ಸಂಗ್ರಹ ಈ ಭಾಗದಲ್ಲಿ ಇನ್ನೊಂದಿಲ್ಲ. ತೊಂದರೆ ಒಂದೇ, ಮಹಡಿಗಳು. ಒಂದು ಭೇಟಿಗೆ ಒಂದೇ ಮಹಡಿ ಸಾಕು. ಆಗಾ ಖಾನ್ ಅರಮನೆಯಲ್ಲಿ ಸಾಮಾನು ಕಡಿಮೆ, ತೋಟ ದೊಡ್ಡದು. 1944ರ ಫೆಬ್ರವರಿ 22ರಂದು ಕಸ್ತೂರಬಾ ತೀರಿಕೊಂಡ ಜಾಗವಾದ್ದರಿಂದ ಅಲ್ಲಿ ಮಾತಿಗಿಂತ ಮೌನ ಹೆಚ್ಚು. ಅದಕ್ಕೂ ಹೊತ್ತು ಇಟ್ಟುಕೊಳ್ಳಿ.

ಗೋವಾದಲ್ಲಿ ಹಳೇ ಗೋವಾದ ಪುರಾತತ್ವ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ಊರ ಗುಡಿಯ ಎದುರು ವೀರಗಲ್ಲು, ಮಾಸ್ತಿಕಲ್ಲು ನೋಡುತ್ತ ಬೆಳೆದವರಿಗೆ ಅದನ್ನು ಓದುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ: ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಬೆಣಾವಲಿಯಲ್ಲಿ ವಿಕ್ಟರ್ ಹ್ಯೂಗೊ ಗೋಮ್ಸ್ ಕಟ್ಟಿದ 'ಗೋವಾ ಚಿತ್ರಾ' ಪೂರ್ತಿ ಬೇಸಾಯ ಮತ್ತು ಕಸುಬಿನ ಸಲಕರಣೆಗಳದ್ದು. ವಾಸ್ಕೊ, ಝುವಾರಿನಗರ ಕಡೆ ನೆಲೆಸಿರುವ ಗದಗ, ವಿಜಯಪುರದ ಹಿರಿಯರನ್ನು ಅಲ್ಲಿಗೆ ಕರೆದೊಯ್ದು ರಂಟೆ, ಕುಂಟೆ, ಕೂರಿಗೆಯ ಜೊತೆ ಹೋಲಿಸಲು ಹೇಳಿ. ಹೆಸರು ಬೇರೆ, ಕೆಲಸ ಒಂದೇ ಎಂಬುದನ್ನು ಅವರೇ ತೋರಿಸುತ್ತಾರೆ.

ಮುಂಚಿತವಾಗಿ ಹೋಗಿ ನೋಡಿ ಬರುವಾಗ ಏನೇನು ಗಮನಿಸಬೇಕು?

ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಭೇಟಿಗೆ ಒಂದು ವಾರ ಮುಂಚೆ, ವಾರದ ಅದೇ ದಿನ, ಅದೇ ಹೊತ್ತಿಗೆ ಇಬ್ಬರು ಹೋಗಿ. ಅಳತೆಪಟ್ಟಿ ಜೊತೆಗಿರಲಿ.

ಗಾಡಿ ನಿಲ್ಲುವ ಜಾಗದಿಂದ ಬಾಗಿಲಿನವರೆಗೆ ಹೆಜ್ಜೆ ಎಣಿಸಿ. ನಡುವೆ ಕೂರಲು ಏನೂ ಇಲ್ಲದೆ 50 ಹೆಜ್ಜೆ ದಾಟಿದರೆ ಅಲ್ಲೊಂದು ಕುರ್ಚಿ ಇಡಬೇಕು. ಮೆಟ್ಟಿಲ ಎತ್ತರ ಅಳೆಯಿರಿ. ಇಳಿಜಾರು ಹಲಗೆಗೆ ಲೆಕ್ಕ 1ಕ್ಕೆ 12: ಅಂದರೆ 15 ಸೆಂ.ಮೀ. ಎತ್ತರದ ಒಂದೇ ಮೆಟ್ಟಿಲಿಗೂ 180 ಸೆಂ.ಮೀ. ಉದ್ದದ ಹಲಗೆ ಬೇಕು. ಅದಕ್ಕಿಂತ ಗಿಡ್ಡ ಹಲಗೆ ಹಾಕಿದರೆ ಹತ್ತಿಸುವವರು ದಮ್ಮು ಕಟ್ಟಿ ತಳ್ಳಬೇಕಾಗುತ್ತದೆ, ಇಳಿಸುವಾಗ ಗಾಲಿಕುರ್ಚಿ ಕೈಜಾರುತ್ತದೆ. ಗಾಲಿಕುರ್ಚಿಯನ್ನು ಯಾವಾಗಲೂ ಹಿಮ್ಮುಖವಾಗಿ ಇಳಿಸಿ. ಬಾಗಿಲು 90 ಸೆಂ.ಮೀ. ಅಗಲ ಇರಬೇಕು, ತಿರುಗಿಸಲು 150 ಸೆಂ.ಮೀ. ಖಾಲಿ ಜಾಗ ಬೇಕು.

ಕೂರುವ ಆಸನಗಳನ್ನು ನೀವೇ ಕೂತು ನೋಡಿ. ಬಹಳ ಮ್ಯೂಸಿಯಂಗಳಲ್ಲಿ ಇರುವುದು ಬೆನ್ನಿಲ್ಲದ, ಕೈಯಿಲ್ಲದ ತಗ್ಗು ಬೆಂಚು. ಹಿರಿಯರು ಅದರಲ್ಲಿ ಕೂರುವುದೇ ಇಲ್ಲ, ಏಕೆಂದರೆ ಎದ್ದೇಳಲಾಗುವುದಿಲ್ಲ. 'ನನಗೆ ಸುಸ್ತಾಗಿಲ್ಲ' ಎಂದು ನಿಂತೇ ಇರುತ್ತಾರೆ, ಅರ್ಧ ಗಂಟೆಯಲ್ಲಿ ಗಮನ ಪೂರ್ತಿ ಕಾಲಿನ ನೋವಿನ ಮೇಲೆ ಹೋಗುತ್ತದೆ. ಬೇಕಾದದ್ದು 45ರಿಂದ 48 ಸೆಂ.ಮೀ. ಎತ್ತರದ, ಎರಡೂ ಕಡೆ ಕೈ ಇರುವ ಕುರ್ಚಿ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಸಾಕು, ನಯವಾದ ಕಲ್ಲಿನ ನೆಲದ ಮೇಲೆ ಅದರ ಕಾಲು ಜಾರದಂತೆ ರಬ್ಬರ್ ಬುಡ್ಡಿ ಹಾಕಿ. ಮಡಚುವ ಸ್ಟೂಲ್ ಬೇಡ. ಮುಗ್ಗರಿಸಲು ಅದೇ ಮೊದಲ ಕಾರಣ.

ಶೌಚಾಲಯಕ್ಕೆ ಹೋಗಿ ನೋಡಿ. ಎಷ್ಟು ದೂರ, ಕಮೋಡ್ ಇದೆಯೇ, ಹಿಡಿದುಕೊಳ್ಳಲು ಸರಳು ಇದೆಯೇ, ನೆಲ ಒದ್ದೆಯೇ? ಬಾಗಿಲು ಒಳಕ್ಕೆ ತೆರೆಯುವುದಾದರೆ, ಒಳಗೆ ಬಿದ್ದವರ ಮೈ ಅಡ್ಡವಾಗಿ ಬಾಗಿಲು ತೆಗೆಯಲಾಗದು. ಅಂಥ ಕಡೆ ಚಿಲಕ ಹಾಕಿಸಬೇಡಿ, ಹೊರಗೆ ಒಬ್ಬರು ನಿಲ್ಲಲಿ. ಶೌಚಾಲಯ ಎಲ್ಲಿದೆಯೆಂದು ಬಂದ ಕೂಡಲೇ ಎಲ್ಲರಿಗೂ ಹೇಳಿ. ದಾರಿಯಲ್ಲಿ ತೊಂದರೆಯಾದೀತೆಂದು ಹಲವರು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಬಂದಿರುತ್ತಾರೆ. ಮುಂಬೈ ಸೆಕೆಯಲ್ಲಿ ತಲೆಸುತ್ತಿಗೆ ಇದೇ ದಾರಿ.

ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ವಸ್ತು?

ಹತ್ತು ಹಿರಿಯರಿಗೆ ನಾಲ್ವರು ಸಹಾಯಕರು. ಗಾಲಿಕುರ್ಚಿ ಇದ್ದರೆ ಒಂದೊಂದಕ್ಕೂ ಒಬ್ಬರು ಹೆಚ್ಚಿಗೆ. ನೋಡುವುದು ನಾಲ್ಕೇ ವಸ್ತು, ಒಂದೊಂದಕ್ಕೆ 15 ನಿಮಿಷ. ಬಸ್ಸು ತುಂಬಾ 50 ಜನರನ್ನು ಕರೆತಂದು ಇಡೀ ಮ್ಯೂಸಿಯಂ ಸುತ್ತಿಸುವುದು ಪಿಕ್‌ನಿಕ್. ಅದರಲ್ಲಿ ತಪ್ಪಿಲ್ಲ, ಆದರೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ಹೊತ್ತಿನ ಲೆಕ್ಕ ಹೀಗಿರಲಿ: 11.15ಕ್ಕೆ ತಲುಪಿ ನೀರು, ಶೌಚಾಲಯ. 11.40ಕ್ಕೆ ಮೊದಲ ವಸ್ತು. ಎರಡು ವಸ್ತುವಾದ ಮೇಲೆ 10 ನಿಮಿಷ ಬಿಡುವು. ಮತ್ತೆರಡು. 1 ಗಂಟೆಯ ಒಳಗೆ ಊಟ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಬೆವರಿ, ನಡುಗಿ, ಕಣ್ಣು ಕತ್ತಲೆ ಬರುತ್ತದೆ. ಹಾಗಾಗಿ ಪ್ರತಿ ಸಹಾಯಕರ ಜೇಬಿನಲ್ಲೂ ಗ್ಲೂಕೋಸ್ ಪೊಟ್ಟಣ ಅಥವಾ ಸಕ್ಕರೆ ಇರಲಿ. ಗ್ಯಾಲರಿಯೊಳಗೆ ತಿನ್ನುವಂತಿಲ್ಲವಾದ್ದರಿಂದ ಹತ್ತಿರದ ಹೊರಬಾಗಿಲು ಯಾವುದೆಂದು ಗೊತ್ತಿರಬೇಕು.

ಲೋಕಲ್ ರೈಲಿನಲ್ಲಿ ಕರೆದೊಯ್ಯಬಹುದೇ?

ಬೆಳಿಗ್ಗೆ 11ರ ಮೊದಲು, ಸಂಜೆ 5ರ ನಂತರ ಬೇಡ. ನಡುವಿನ ಹೊತ್ತಿನಲ್ಲಿ, ನಡೆಯಬಲ್ಲವರಿಗೆ ಆಗಬಹುದು. ಆದರೆ ಸೇತುವೆಯ ಮೆಟ್ಟಿಲು ಎಣಿಸಿ. ಸಿಎಸ್‌ಎಂಟಿಯಿಂದಾಗಲಿ ಚರ್ಚ್‌ಗೇಟ್‌ನಿಂದಾಗಲಿ ಕೋಟೆಯ ಮ್ಯೂಸಿಯಂಗೆ ಒಂದು ಕಿ.ಮೀ.ಗೂ ಹೆಚ್ಚು, ಅಲ್ಲಿಂದ ಟ್ಯಾಕ್ಸಿಯೇ ಸರಿ. ಒಂದು ಸೂಕ್ಷ್ಮ: ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ, ಗಾಲಿಕುರ್ಚಿ ಹಿಡಿಸುವುದಿಲ್ಲ. ಮೇಲೆ ಕ್ಯಾರಿಯರ್ ಇರುವ ಗಾಡಿ ಹಿಡಿಯಿರಿ, ಕಟ್ಟಲು ಹಗ್ಗ ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡದಿರುವುದೇ ಮೇಲು. ಒದ್ದೆ ಚಪ್ಪಲಿ, ನಯವಾದ ಕಲ್ಲಿನ ನೆಲ, ಕೊಡೆಯಿಂದ ತೊಟ್ಟಿಕ್ಕುವ ನೀರು ಮೂರೂ ಸೇರಿದರೆ ಸೊಂಟದ ಮೂಳೆಗೆ ಅಪಾಯ. ಆ ನಾಲ್ಕು ತಿಂಗಳು ಮ್ಯೂಸಿಯಂ ಅನ್ನೇ ಹಿರಿಯರ ಬಳಿಗೆ ಒಯ್ಯಬಹುದು. ಅದಕ್ಕೆ ನೆನಪಿನ ಪೆಟ್ಟಿಗೆ, ಕೆಳಗೆ ನೋಡಿ.

ಒಳಗೆ ಹೋದರೆ 'ಏನೂ ಕಾಣಿಸಲ್ಲ' ಅನ್ನುತ್ತಾರೆ. ಬೆಳಕು ಹೆಚ್ಚಿಸಲು ಕೇಳಬಹುದೇ?

ಕೇಳಬಹುದು, ಆದರೆ ಎಲ್ಲ ಕಡೆ ಆಗದು. ಬಟ್ಟೆ, ಕಾಗದ, ಚಿಕಣಿ ಚಿತ್ರಗಳ ಬಣ್ಣ ಬೆಳಕಿಗೆ ಮಾಸುವುದರಿಂದ ಅವುಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ. ಇನ್ನೊಂದೆಡೆ, ಅರವತ್ತರ ಕಣ್ಣಿನೊಳಗೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೆಯ ಒಂದು ಪಾಲಷ್ಟೇ ತಲುಪುತ್ತದೆ. ಹಾಗಾಗಿ ಕಲ್ಲು, ಲೋಹ, ಮಣ್ಣಿನ ವಸ್ತುಗಳಿರುವ ಗ್ಯಾಲರಿಯನ್ನೇ ಆರಿಸಿ, ಅವಕ್ಕೆ ಬೆಳಕಿನ ಭಯವಿಲ್ಲ. ಬಿಸಿಲಿನಿಂದ ನೇರ ಕತ್ತಲ ಕೋಣೆಗೆ ನುಗ್ಗಿಸಬೇಡಿ, ನಡುವಿನ ಪಡಸಾಲೆಯಲ್ಲಿ ಐದು ನಿಮಿಷ ಕೂರಿಸಿ.

ಲೇಬಲ್ಲಿಗೆ ಪರಿಹಾರ ಸುಲಭ. ನಾಲ್ಕು ವಸ್ತುಗಳ ವಿವರವನ್ನು ಎ4 ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಅಚ್ಚು ಹಾಕಿ ಕೈಗೆ ಕೊಡಿ. ಇಂಗ್ಲಿಷಿಗೆ 18 ಪಾಯಿಂಟ್ ಸಾಕೆನ್ನುತ್ತಾರೆ. ಕನ್ನಡಕ್ಕೆ 22 ಇಡಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಪುಟ್ಟದಾಗಿ ಕೂರುವುದರಿಂದ ಮೊದಲು ಮಸುಕಾಗುವುದೇ ಅವು. ಸಾಲು ಒತ್ತಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿ ಓದಲಾಗುವುದಿಲ್ಲ. ಕೆನೆಬಣ್ಣದ ಮಂಕು ಕಾಗದದ ಮೇಲೆ ಕಪ್ಪು ಮಸಿ. ಲ್ಯಾಮಿನೇಟ್ ಮಾಡಿಸಿದರೆ ಹೊಳಪಿಲ್ಲದ್ದು. ನೀಲಿಯ ಮೇಲೆ ಕಪ್ಪು, ಹಸಿರಿನ ಮೇಲೆ ನೀಲಿ ಬೇಡ: ವಯಸ್ಸಿನೊಂದಿಗೆ ಕಣ್ಣಿನ ಮಸೂರ ಹಳದಿಗಟ್ಟಿ ಈ ಬಣ್ಣಗಳ ವ್ಯತ್ಯಾಸ ಅಳಿಸಿಹೋಗುತ್ತದೆ.

ಕಿವಿ ಕೇಳಿಸದವರಿಗೆ?

ಕಿರುಚಬೇಡಿ. ಎತ್ತರದ ಚಾವಣಿ, ಕಲ್ಲಿನ ನೆಲ ಸೇರಿ ಮಾತು ಗುಂಯ್‌ಗುಡುತ್ತದೆ, ಕಿರುಚಿದಷ್ಟೂ ಕಲಸಿಹೋಗುತ್ತದೆ. ಮಾತಾಡುವವರು ಕಿಟಕಿಗೆ ಮುಖ ಮಾಡಿ ನಿಲ್ಲಬೇಕು, ತುಟಿ ಕಾಣಬೇಕು. ಎಸಿ, ಫ್ಯಾನಿನ ಕೆಳಗೆ ನಿಲ್ಲಬೇಡಿ. ಶಾಲಾ ಮಕ್ಕಳ ಗುಂಪು ಬರುವ ಹೊತ್ತು ಯಾವುದೆಂದು ಮುಂಚೆಯೇ ವಿಚಾರಿಸಿ ಅದನ್ನು ತಪ್ಪಿಸಿ. ಕಿವಿಯ ಯಂತ್ರಕ್ಕೆ ಹೆಚ್ಚಿಗೆ ಬ್ಯಾಟರಿ ತರಲು ಹಿಂದಿನ ದಿನ ನೆನಪಿಸಿ.

ಹಿರಿಯರು ಸುಮ್ಮನೆ ತಲೆಯಾಡಿಸುತ್ತಾರೆ, ಮಾತೇ ಆಡುವುದಿಲ್ಲ. ಹೇಗೆ ಬಾಯಿಬಿಡಿಸುವುದು?

ತಪ್ಪು ಸಾಮಾನ್ಯವಾಗಿ ಪ್ರಶ್ನೆಯಲ್ಲಿರುತ್ತದೆ. 'ಇದು ಯಾರ ಕಾಲದ್ದು ಗೊತ್ತಾ?' ಎಂದರೆ ಪರೀಕ್ಷೆ. 'ನೆನಪಿದೆಯಾ?' ಎಂದರೆ ಇನ್ನೂ ಕಠಿಣ ಪರೀಕ್ಷೆ, ಇಲ್ಲವೆಂದರೆ ಅವಮಾನ. 'ಇದನ್ನು ಹೇಗೆ ಹಿಡಿಯುತ್ತಿದ್ದರು?', 'ಇದರಲ್ಲಿ ಎಷ್ಟು ಅಕ್ಕಿ ಹಿಡಿಸೀತು?', 'ನಿಮ್ಮ ಕಡೆ ಇದಕ್ಕೆ ಏನಂತಾರೆ?' ಎಂದು ಕೇಳಿ. ಕೈ ತಾನಾಗಿ ಎದ್ದು ತೋರಿಸುತ್ತದೆ, ಕೈಯ ಹಿಂದೆ ಮಾತು ಬರುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೂರಕ್ಕೇ ಬಾಯಿ ಹಾಕುವುದು ಸ್ವಯಂಸೇವಕರ ಸಾಮಾನ್ಯ ತಪ್ಪು.

ಭಾಷೆಯೂ ಮುಖ್ಯ. ಮುಂಬೈಯ ಕನ್ನಡ ಹಿರಿಯರಲ್ಲಿ ಬಹಳ ಮಂದಿಗೆ ಮನೆಮಾತು ತುಳು ಅಥವಾ ಕೊಂಕಣಿ. ನೆನಪುಗಳು ಮನೆಮಾತಿನಲ್ಲೇ ಮೊದಲು ಬರುತ್ತವೆ, ತಡೆಯಬೇಡಿ. ಎಲ್ಲರನ್ನೂ 'ಅಜ್ಜ', 'ಅಜ್ಜಿ' ಎಂದು ಕರೆಯುವ ಮುಂಚೆ ಹೇಗೆ ಕರೆಯಲಿ ಎಂದು ಕೇಳಿ. ನಲವತ್ತು ವರ್ಷ ಪಾಠ ಹೇಳಿದವರಿಗೆ 'ಮಾಸ್ಟ್ರೇ' ಎಂದರೆ ಬೆನ್ನು ನೆಟ್ಟಗಾಗುತ್ತದೆ. ಜೊತೆಗೆ ಬಂದ ಮಗಳ ಹತ್ತಿರ 'ಅವರಿಗೆ ಟೀ ಬೇಕಾ?' ಎಂದು ಕೇಳಬೇಡಿ. ಅವರನ್ನೇ ಕೇಳಿ.

ನೆನಪಿನ ಪೆಟ್ಟಿಗೆ ಎಂದರೇನು? ಏನೇನು ಇಡಬೇಕು?

ಮುಟ್ಟಿ, ಮೂಸಿ, ತಿರುಗಿಸಿ ನೋಡಲು ಕೊಡುವ ಹಳೆಯ ವಸ್ತುಗಳ ಪೆಟ್ಟಿಗೆ. ಸಂಗ್ರಹದ ಅಮೂಲ್ಯ ವಸ್ತುಗಳು ಇದಕ್ಕಲ್ಲ. ಮನೆಗಳಿಂದ, ಚೋರ್ ಬಜಾರಿನಿಂದ ತಂದವು, ಮುಕ್ಕಾದರೂ ನಷ್ಟವಿಲ್ಲದವು ಸಾಕು. ಎಂಟರಿಂದ ಹತ್ತು ವಸ್ತು, ಹೆಚ್ಚಿನವು ಒಂದು ಕಿಲೋಗಿಂತ ಹಗುರ.

ಮುಂಬೈ ಕನ್ನಡಿಗರ ಪೆಟ್ಟಿಗೆಯಲ್ಲಿ ಎರಡು ಲೋಕ ಇರಬೇಕು: ಬಿಟ್ಟುಬಂದ ಊರು, ಬಂದು ಸೇರಿದ ಊರು. ಊರಿನ ಕಡೆಗೆ ಪಾವು, ಚಟಾಕಿನ ಅಳತೆ, ಅಡಕೊತ್ತು, ಗಿಂಡಿ, ಚೆನ್ನೆಮಣೆಯ ಕಾಯಿ, ಬಳಪ-ಸ್ಲೇಟು. ಮುಂಬೈ ಕಡೆಗೆ ಮನಿಆರ್ಡರ್ ಫಾರಂ, ಇನ್‌ಲ್ಯಾಂಡ್ ಪತ್ರ, ತಗಡಿನ ಟ್ರಂಕು, ಹೋಟೆಲಿನ ಹಿತ್ತಾಳೆ ಟೋಕನ್, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ (ಟ್ಯಾಂಕು ಖಾಲಿ ಮಾಡಿ, ತೊಳೆದು). 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ಮುಂಚೆ ಕರಾವಳಿಯವರು ಬಂದದ್ದು ಬಸ್ಸಿನಲ್ಲಿ, ಅದಕ್ಕೂ ಹಿಂದೆ ಹಡಗಿನಲ್ಲಿ. ಹಡಗಿನ ಒಂದು ಚಿತ್ರ ಇಟ್ಟರೆ ಆ ದಿನದ ಮಾತೆಲ್ಲ ಅದರ ಸುತ್ತಲೇ ನಡೆದೀತು. ವಾಸನೆಗೆ ಮುಚ್ಚಳದ ಪುಟ್ಟ ಡಬ್ಬಿಗಳಲ್ಲಿ ಕಾಫಿಪುಡಿ, ಲಾವಂಚ, ಹಲ್ಲುಪುಡಿ. ಎರಡು ತಿಂಗಳಿಗೊಮ್ಮೆ ಬದಲಿಸಬೇಕು.

ಕೆಡುವುದು ಎಲ್ಲಿ? ಅಡಕೊತ್ತಿನ ಅಲಗಿಗೆ ದಾರ ಸುತ್ತದೆ ಕೊಟ್ಟರೆ ಬೆರಳು ಕುಯ್ಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಸಣ್ಣ ಗಾಯವೂ ಬೇಗ ನಿಲ್ಲದು. ನುಸಿಗುಳಿಗೆ ಹಾಕಿಟ್ಟ ಸೀರೆ ತೆರೆದರೆ ಉಬ್ಬಸದವರಿಗೆ ಉಸಿರು ಕಟ್ಟುತ್ತದೆ. ಪಾದರಸದ ಥರ್ಮಾಮೀಟರ್, ಬಣ್ಣ ಉದುರುವ ಹಳೆಯ ಆಟಿಕೆ ಬೇಡ. ಕೈಗವಸು ಬೇಕಿಲ್ಲ, ಅದು ಸ್ಪರ್ಶವನ್ನೇ ಕೊಲ್ಲುತ್ತದೆ. ಮೊದಲು ಕೈ ತೊಳೆಸಿ, ಮುಗಿದ ಮೇಲೆ ಲೋಹವನ್ನು ಒಣ ಹತ್ತಿಬಟ್ಟೆಯಿಂದ ಒರೆಸಿಡಿ. ಇಲ್ಲದಿದ್ದರೆ ಬೆರಳಚ್ಚಿನ ಜಾಗದಲ್ಲಿ ಕಿಲುಬು ಹಿಡಿಯುತ್ತದೆ. ಎಲ್ಲ ವಸ್ತುವನ್ನೂ ಒಮ್ಮೆಗೇ ಮೇಜಿನ ಮೇಲೆ ಸುರಿಯಬೇಡಿ. ಬಟ್ಟೆಯಲ್ಲಿ ಸುತ್ತಿದ ಒಂದು, ಅದರ ಮಾತು ಮುಗಿದ ಮೇಲೆ ಇನ್ನೊಂದು.

ಮರೆವಿನ ಕಾಯಿಲೆ ಇರುವವರನ್ನು ಕರೆತರಬಹುದೇ?

ಖಂಡಿತ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2006ರಲ್ಲೇ ಅಲ್ಝೈಮರ್ ಇರುವವರಿಗೂ ಅವರ ಆರೈಕೆದಾರರಿಗೂ ಒಟ್ಟಿಗೆ ಭೇಟಿ ಏರ್ಪಡಿಸತೊಡಗಿತು. ಲಿವರ್‌ಪೂಲ್‌ನ ಮ್ಯೂಸಿಯಂಗಳು 2012ರಿಂದ ಆರೈಕೆ ಮಾಡುವವರಿಗೇ ತರಬೇತಿ ಕೊಡುತ್ತಿವೆ. ಇದು ಚಿಕಿತ್ಸೆಯಲ್ಲ, ಮರೆವು ವಾಸಿಯಾಗುವುದಿಲ್ಲ. ಆದರೆ ಆ ಒಂದು ಗಂಟೆ ಅವರು ರೋಗಿಯಾಗಿರುವುದಿಲ್ಲ, ಜೊತೆಗಿರುವ ಮಗಳೋ ಸೊಸೆಯೋ ದಾದಿಯಾಗಿರುವುದಿಲ್ಲ.

ಗುಂಪು ಆರು ಜನಕ್ಕಿಂತ ದೊಡ್ಡದಾಗದಿರಲಿ, ಪ್ರತಿಯೊಬ್ಬರ ಜೊತೆ ಮನೆಯವರು ಒಬ್ಬರು. ಪ್ರತಿ ಸಲ ವಾರದ ಅದೇ ದಿನ, ಅದೇ ಹೊತ್ತು, ಅದೇ ಸ್ವಯಂಸೇವಕರು, ಅದೇ ಬಾಗಿಲು. ಮೂರು ವಸ್ತು ಸಾಕು. ತಿಳಿ ಬಣ್ಣದ ನೆಲದ ಮೇಲೆ ಹಾಸಿದ ಕಪ್ಪು ಕಾಲೊರಸು ಅವರಿಗೆ ಗುಂಡಿಯಂತೆ ಕಾಣಬಹುದು, ಅಲ್ಲೇ ನಿಂತುಬಿಡುತ್ತಾರೆ. ಎಳೆಯಬೇಡಿ, ಕಾಲೊರಸನ್ನೇ ತೆಗೆದಿಡಿ. ಗಾಜಿನಲ್ಲಿ ಕಾಣುವ ತಮ್ಮದೇ ಬಿಂಬವನ್ನು ಬೇರೆ ಯಾರೋ ಎಂದು ತಿಳಿದು ಗಾಬರಿಯಾಗಬಹುದು, ನಿಲ್ಲುವ ಕೋನ ಬದಲಿಸಿ. ತಪ್ಪು ಹೇಳಿದರೆ ತಿದ್ದಬೇಡಿ. ಐಹೊಳೆಯ ಬ್ರಹ್ಮನನ್ನು ಶಿವ ಎಂದರೆ ಶಿವನ ಕಥೆಯನ್ನೇ ಕೇಳಿ. ಎದೆಯ ಮೇಲೆ ಹೆಸರಿನ ಚೀಟಿ, ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಇರಲಿ. ಹೊರಬಾಗಿಲ ಕಾವಲುಗಾರರಿಗೆ ಗುಂಪಿನ ವಿಷಯ ಮೊದಲೇ ತಿಳಿಸಿ.

ಹಳೆಯದನ್ನು ನೆನೆದು ಅತ್ತುಬಿಟ್ಟರೆ?

ಅಳಲಿ. ಮಾತು ತಿರುಗಿಸಲು ಆತುರಪಡಬೇಡಿ, ಪಕ್ಕದಲ್ಲಿ ಕೂತು ನೀರು ಕೊಡಿ. 1982ರ ಮಿಲ್ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು, ಊರಿನ ಮನೆ ಮಾರಿದವರು ನಿಮ್ಮ ಗುಂಪಿನಲ್ಲಿರಬಹುದು. ಗುಂಪಿನ ಮುಂದೆ ಮುಂದುವರಿಸಲು ಒತ್ತಾಯ ಬೇಡ. ಆ ಸಂಜೆ ಮನೆಗೆ ಒಂದು ಫೋನ್ ಮಾಡಿ. ಮಾತಿನ ನಡುವೆ ಮನೆಯಲ್ಲಿ ಊಟ ಹಾಕುವುದಿಲ್ಲ, ಪಿಂಚಣಿ ಕಿತ್ತುಕೊಳ್ಳುತ್ತಾರೆ ಎಂಬಂಥದ್ದು ಹೊರಬಂದರೆ, ಹಿರಿಯ ನಾಗರಿಕರ ಸರ್ಕಾರಿ ಸಹಾಯವಾಣಿ 14567ರ ಬಗ್ಗೆ ತಿಳಿಸಿ. ಕರೆ ಉಚಿತ. ಅವರ ಒಪ್ಪಿಗೆಯಿಲ್ಲದೆ ನೀವೇ ಮಗನ ಹತ್ತಿರ ಕೇಳಲು ಹೋಗಬೇಡಿ.

ಅವರು ಹೇಳಿದ್ದನ್ನು ದಾಖಲಿಸಬೇಕೇ?

ಬೇಕು, ಒಪ್ಪಿಗೆ ಪಡೆದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ: ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೀರಿ, ಬೇಡವೆಂದರೆ ಅಳಿಸುತ್ತೀರಾ ಎಂಬ ಮೂರೂ ಬರೆದಿರಬೇಕು. ಯಂತ್ರ ದುಬಾರಿ ಬೇಕಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಬಾಯಿಂದ ಒಂದು ಮೊಳದೊಳಗೆ ಇಡಿ, ಫ್ಯಾನ್ ಆರಿಸಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಹೆಸರು, ಹುಟ್ಟೂರು, ಮುಂಬೈಗೆ ಬಂದ ವರ್ಷ ಮೊದಲೇ ಹೇಳಿಸಿ. 40 ನಿಮಿಷಕ್ಕೆ ನಿಲ್ಲಿಸಿ. ಒಂದು ಪ್ರತಿ ಮನೆಯವರಿಗೆ, ಒಂದು ಮ್ಯೂಸಿಯಂಗೆ, ಒಂದು ಸಂಘಕ್ಕೆ. ವಸ್ತುಗಳ ಕನ್ನಡ, ತುಳು ಹೆಸರುಗಳನ್ನು ಬೇರೆ ಪಟ್ಟಿ ಮಾಡಿ ಮ್ಯೂಸಿಯಂನ ಕ್ಯೂರೇಟರ್‌ಗೆ ಕೊಡಿ. ಕಡತ ಸೇರಿದ ಮೇಲೆ ಆ ಹಾಳೆಯನ್ನು ಹೇಳಿದವರಿಗೆ ತೋರಿಸಿ.

ಕಾರ್ಯಕ್ರಮಕ್ಕೆ ಸನ್ಮಾನ ಇಟ್ಟುಕೊಳ್ಳೋಣವೇ?

ಅದೇ ದಿನ ಬೇಡ. ಶಾಲು, ಹಾರ, ಫಲತಾಂಬೂಲ, ಅಧ್ಯಕ್ಷರ ಭಾಷಣ, ಫೋಟೊ ಆಗುವಷ್ಟರಲ್ಲಿ ಹಿರಿಯರ ಶಕ್ತಿಯೆಲ್ಲ ಅಲ್ಲೇ ಮುಗಿದಿರುತ್ತದೆ. ಗೌರವ ತೋರಿಸಬೇಕೆಂದರೆ ಮುಂದಿನ ಭೇಟಿಯಲ್ಲಿ ಒಂದು ವಸ್ತುವಿನ ಬಗ್ಗೆ ಅವರಿಂದಲೇ ವಿವರಣೆ ಕೊಡಿಸಿ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಅಕ್ಕಸಾಲಿಗರು ಬೇಕಾದಷ್ಟು ಮಂದಿ ಸಿಗುತ್ತಾರೆ. ತಿಂಗಳಿಗೆರಡು ದಿನ, ಎರಡೆರಡು ಗಂಟೆ, ಕೂತು ಮಾತಾಡುವ ಕೆಲಸ, ಟ್ಯಾಕ್ಸಿ ಖರ್ಚು ಮ್ಯೂಸಿಯಂನದು ಎಂದು ಮೊದಲೇ ಬರೆದುಕೊಂಡರೆ ಒಪ್ಪುತ್ತಾರೆ.

ಮ್ಯೂಸಿಯಂಗೆ ಪತ್ರ ಹೇಗೆ ಬರೆಯಬೇಕು?

ಮೂರು ವಾರ ಮುಂಚೆ, ಶಿಕ್ಷಣ ವಿಭಾಗಕ್ಕೆ, ಒಂದೇ ಪುಟ. ಎರಡು ದಿನಾಂಕಗಳ ಆಯ್ಕೆ, ಹಿರಿಯರು ಎಷ್ಟು, ಗಾಲಿಕುರ್ಚಿ ಎಷ್ಟು, ನೋಡಬೇಕಾದ ನಾಲ್ಕು ವಸ್ತು, ಬೇಕಾದ ಕುರ್ಚಿಗಳ ಸಂಖ್ಯೆ, ಬಾಗಿಲವರೆಗೆ ಗಾಡಿ ಬಿಡಲು ಅನುಮತಿ, ಹಿರಿಯರಿಗೂ ಸಹಾಯಕರಿಗೂ ಟಿಕೆಟ್ ರಿಯಾಯಿತಿ ಉಂಟೇ, ಲಿಫ್ಟ್ ಆ ದಿನ ನಡೆಯುತ್ತಿದೆಯೇ. ಹಿಂದಿನ ದಿನ ಫೋನ್ ಮಾಡಿ ಲಿಫ್ಟಿನ ವಿಷಯ ಮತ್ತೊಮ್ಮೆ ಕೇಳಿ.

ಹಣ ಕಡಿಮೆ. ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಗಾಡಿಗೆ. ನಂತರ ಕುರ್ಚಿಗೆ, ಆಮೇಲೆ ದೊಡ್ಡಕ್ಷರದ ಹಾಳೆಗೆ. ಟಚ್‌ಸ್ಕ್ರೀನ್, ವರ್ಚುವಲ್ ಕನ್ನಡಕ ಎಲ್ಲ ಕೊನೆಗೆ.

ಹಾಸಿಗೆ ಬಿಟ್ಟು ಏಳಲಾಗದವರಿಗೆ?

ವಾರಕ್ಕೊಂದು ವಸ್ತುವಿನ ಚಿತ್ರ, ಒಂದು ನಿಮಿಷದ ಕನ್ನಡ ಧ್ವನಿ, ಕೊನೆಯಲ್ಲಿ ಒಂದೇ ಪ್ರಶ್ನೆ: ಇಷ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಉತ್ತರವೂ ಧ್ವನಿಯಲ್ಲೇ ಬರಲಿ, ಟೈಪ್ ಮಾಡಿಸಬೇಡಿ. ಕಳಿಸಿದ ಮರುದಿನ ಯಾರಾದರೂ ಫೋನ್ ಮಾಡಬೇಕು. ಇಲ್ಲದಿದ್ದರೆ ಅದು ದಿನಕ್ಕೆ ನೂರು ಬರುವ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಕೋಟೆಯ ಮ್ಯೂಸಿಯಂನ 'ಮ್ಯೂಸಿಯಂ ಆನ್ ವ್ಹೀಲ್ಸ್' ಬಸ್ಸಿನಂಥ ಸಂಚಾರಿ ಪ್ರದರ್ಶನಗಳೂ ಇವೆ. ವೃದ್ಧಾಶ್ರಮದವರು ವಿಚಾರಿಸಿ ನೋಡಬಹುದು.

ನಮಗೆ ಸಂಘವೂ ಇಲ್ಲ, ಗುಂಪೂ ಇಲ್ಲ. ನಾನು ಮತ್ತು ನನ್ನಮ್ಮ ಇಬ್ಬರೇ. ಏನು ಮಾಡಲಿ?

ವಾರದ ನಡುವಿನ ಒಂದು ದಿನ, 11.30ರ ಹೊತ್ತಿಗೆ, ಕೋಟೆಯ ಮ್ಯೂಸಿಯಂನ ಶಿಲ್ಪ ವಿಭಾಗಕ್ಕೆ ಹೋಗಿ. ನೀರಿನ ಬಾಟಲಿ, ತೆಳು ದಿಂಬು, ಓದುವ ಕನ್ನಡಕ, ಎಸಿಗೆ ಒಂದು ಶಾಲು ಇರಲಿ. ಐಹೊಳೆಯ ಫಲಕದ ಎದುರು ಕೂರಲು ಕುರ್ಚಿ ಕೊಡಿ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಮೊದಲ ಐದು ನಿಮಿಷ ನೀವು ಏನೂ ವಿವರಿಸಬೇಡಿ. ನಂತರ ಅಮ್ಮನನ್ನು ಕೇಳಿ: ಇದರಲ್ಲಿ ನಿನಗೆ ಮೊದಲು ಕಂಡದ್ದು ಏನಮ್ಮಾ? ಅವರು ಸಾಕೆಂದಾಗ ಎದ್ದುಬನ್ನಿ, ಉಳಿದ ಮಹಡಿಗಳು ಇನ್ನೊಂದು ದಿನಕ್ಕಿರಲಿ. ಮುಂದಿನ ಸಲ ಯಾವತ್ತು ಎಂಬುದನ್ನು ವಾಪಸು ಬರುವ ಟ್ಯಾಕ್ಸಿಯಲ್ಲೇ ನಿಶ್ಚಯಿಸಿ, ಮನೆ ಮುಟ್ಟಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮನ ಕೈಯಿಂದಲೇ ಗುರುತು ಹಾಕಿಸಿ.